ಏನೂ ಆಗಿಲ್ಲ ಸಿಸ್ಟರ್

ಕುಸ್ತಿ ಕಮಿಟಿಯ ಪುಸ್ತಕದಲ್ಲಿ ಎಲ್ಲ ಇರುತ್ತಿತ್ತು. ಜೋಡಿಯ ನಂಬರು, ಪೈಲ್ವಾನರ ಹೆಸರು, ಊರು, ಯಾವ ಗರಡಿ, ಇನಾಮು ಎಷ್ಟು, ಅದನ್ನು ಕೊಟ್ಟ ದಾನಿ ಯಾರು, ಗೆದ್ದದ್ದು ಯಾರು, ಸಮ ಬಿಡಿಸಿದರೆ ದುಡ್ಡು ಹೇಗೆ ಹಂಚಿದರು. ಹಲಗೆಯವರಿಗೆ ಕೊಟ್ಟ ಭಕ್ಷೀಸಿಗೂ ಕಣಕ್ಕೆ ಒಡೆದ ತೆಂಗಿನಕಾಯಿಗೂ ಒಂದೊಂದು ಸಾಲು. ಯಾರಿಗೆ ಎಲ್ಲಿ ಪೆಟ್ಟಾಯಿತು ಎಂದು ಬರೆಯಲು ಮಾತ್ರ ಅದರಲ್ಲಿ ಕಾಲಮ್ಮು ಇರಲಿಲ್ಲ. ನರ್ಸಾಗಿ ಕಂಪ್ಲಿ, ಹೊಸಪೇಟೆ, ಸಂಡೂರು ಎಂದು ವರ್ಗವಾಗುತ್ತ ತಿರುಗಿದ ವರ್ಷಗಳಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬಿ ಹಿಡಿದು ಕಣದ ಪಕ್ಕ ಕೂತಿದ್ದು ಬಹಳ ಸಲ. ಜಾತ್ರೆ ಬಂತೆಂದರೆ ಡ್ಯೂಟಿ ಹಾಕುತ್ತಿದ್ದರು. ಡಬ್ಬಿಯೊಳಗೆ ಅಯೋಡಿನ್ನು, ಹತ್ತಿ, ಕ್ರೇಪ್ ಬ್ಯಾಂಡೇಜಿನ ಜೊತೆ ನನ್ನದೊಂದು ನೋಟ್‌ಬುಕ್ಕೂ ಇರುತ್ತಿತ್ತು. ಅದು ಇಲಾಖೆಯದಲ್ಲ. ಇಡು ಎಂದು ಯಾರೂ ಹೇಳಿದ್ದೂ ಇಲ್ಲ.

ಬರೆದಿಡುವ ಚಟ ಬಂದದ್ದು ಅವ್ವನಿಂದ ಎನ್ನಬೇಕು, ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಅದು ಬೇರೆ ಮಾತು. ನಮ್ಮ ಮನೆ ಕಂಪ್ಲಿಯಲ್ಲಿ, ಕೋಟೆಯ ಕಡೆ. ಹಿಂದಿನ ಓಣಿಯಲ್ಲಿ ಗರಡಿ ಮನೆ. ತಗ್ಗು ಬಾಗಿಲು, ದಪ್ಪ ಗೋಡೆ, ಒಳಗೆ ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆಹಣ್ಣು ಹಾಕಿ ಹದ ಮಾಡಿದ ಕೆಮ್ಮಣ್ಣು. ಹೆಣ್ಣುಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ನಸುಕಿನಲ್ಲಿ ತೊಡೆ ತಟ್ಟುವ ಸದ್ದು, ಉಸ್ತಾದರ ಬೈಗುಳ ಇಷ್ಟೇ ನಮಗೆ ಕೇಳುತ್ತಿದ್ದದ್ದು. ಅಣ್ಣ ಅಲ್ಲಿಂದ ಬಂದು ಹಂಡೆಯ ನೀರು ಹುಯ್ದುಕೊಂಡು ಊಟಕ್ಕೆ ಕೂತಾಗ ಅವ್ವನ ತಪಾಸಣೆ ಶುರು. ಏನಾದರೂ ಕೇಳುತ್ತಿದ್ದಳು ಎಂದಲ್ಲ, ನೋಡುತ್ತಿದ್ದಳು. ನೀರಿನ ಚೊಂಬು ಎಡಗೈಯಲ್ಲಿ ಎತ್ತಿದರೆ ಬಲಭುಜ. ಗೋಡೆಗೆ ಒರಗಿದರೆ ಸೊಂಟ. ಯಾರಾದರೂ ಕರೆದಾಗ ಕತ್ತು ತಿರುಗಿಸದೆ ಇಡೀ ಮೈ ತಿರುಗಿಸಿದರೆ ಅವಳ ಮುಖ ಇಳಿಯುತ್ತಿತ್ತು. ಅಣ್ಣನ ಬಾಯಲ್ಲಿ ಮಾತು ಒಂದೇ, ‘ಏನಾಗಿಲ್ಲ ಬಿಡು.’

ಹಂಪಿ ಉತ್ಸವದ ಡ್ಯೂಟಿ ನನಗೆ ಮೊದಲು ಬಿದ್ದಾಗ ಉತ್ಸವ ನವೆಂಬರಿನಲ್ಲಿ ನಡೆಯುತ್ತಿತ್ತು. ಎಂ.ಪಿ. ಪ್ರಕಾಶರು ಕಟ್ಟಿ ಬೆಳೆಸಿದ ಉತ್ಸವ. ಸಂಗೀತ, ನೃತ್ಯ, ಬೆಳಕು ಇದ್ದ ವೇದಿಕೆಗಳ ಕಡೆ ಜನ ಹರಿಯುತ್ತಿದ್ದರೆ ಕುಸ್ತಿ ಕಣದ ಸುತ್ತ ಬೇರೆಯೇ ಜನ. ಪಟಗ ಸುತ್ತಿದವರು, ಕಿವಿ ಮುದುಡಿದ ಹಳೇ ಪೈಲ್ವಾನರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡು ದೂರದ ಹಳ್ಳಿಗಳಿಂದ ಲಾರಿ ಹತ್ತಿ ಬಂದವರು. ನನಗೆ ಕಣದಿಂದ ಒಂದಷ್ಟು ದೂರದಲ್ಲಿ ಕುರ್ಚಿ ಹಾಕಿಸಿದರು. ಹಿರಿಯರೊಬ್ಬರು ಬಂದು ಮರ್ಯಾದೆಯಿಂದಲೇ ಹೇಳಿದರು, ‘ಅವ್ವಾರ, ಮಣ್ಣಿನ ಮ್ಯಾಲ ಕಾಲಿಡಬ್ಯಾಡ್ರಿ. ಹುಡುಗ್ರನ್ನ ನಾವ ಕಳಸ್ತೀವಿ.’

ಈ ಏರ್ಪಾಡಿನಿಂದ ಆದದ್ದು ಏನೆಂದು ನೋಟ್‌ಬುಕ್ಕು ತುಂಬುತ್ತ ಹೋದಾಗ ಕಂಡಿತು. ನಡೆಯಬಲ್ಲವನು ಮಾತ್ರ ನನ್ನ ಹತ್ತಿರ ಬರುತ್ತಾನೆ. ತರಚು ಗಾಯ, ಉಗುರು ಕಿತ್ತದ್ದು, ತುಟಿ ಸೀಳಿದ್ದು, ಬೆರಳು ಉಳುಕಿದ್ದು. ನಡೆಯಲಾರದವನನ್ನು ನಾಲ್ವರು ಎತ್ತಿಕೊಂಡು ನನ್ನ ಎದುರಿಗೇ ಹಾದು ಟೆಂಪೋಕ್ಕೆ ಹಾಕಿ ಮೂಳೆ ಕಟ್ಟುವವರ ಊರಿಗೆ ಒಯ್ಯುತ್ತಾರೆ. ಅಲ್ಲಿ ಮೊಟ್ಟೆಯ ಲೋಳೆ, ಬಿದಿರಿನ ದಬ್ಬೆ, ಬಟ್ಟೆ. ನನ್ನ ಪುಸ್ತಕ ಓದಿದವರು ಕುಸ್ತಿಯಷ್ಟು ಸುರಕ್ಷಿತವಾದ ಆಟ ಇನ್ನೊಂದಿಲ್ಲ ಎಂದುಕೊಳ್ಳಬೇಕು.

ಬಂದವರಿಂದಲೂ ಸತ್ಯ ಹೊರಡಿಸುವುದು ಸುಲಭವಿರಲಿಲ್ಲ. ಹೆಂಗಸಿನ ಮುಂದೆ ನೋವು ಹೇಳಿಕೊಳ್ಳುವುದಕ್ಕೆ ನಾಚಿಕೆ ಒಂದು. ಅದಕ್ಕಿಂತ ದೊಡ್ಡದು, ಪಕ್ಕದಲ್ಲೇ ನಿಂತಿರುವ ಎದುರಾಳಿ ಕಡೆಯವರ ಕಿವಿ. ಮುಂದಿನ ವಾರ ಇನ್ನೊಂದು ಊರಿನಲ್ಲಿ ಇದೇ ಜೋಡಿ ಹಚ್ಚುತ್ತಾರೆ. ಬಲ ಮೊಣಕಾಲು ಸೋತಿದೆ ಎಂದು ಗೊತ್ತಾದರೆ ಅವನು ಅದೇ ಕಾಲಿಗೆ ಟಾಂಗು ಹಾಕುತ್ತಾನೆ. ಹಾಗಾಗಿ ಮೊಣಕಾಲು ಊದಿಸಿಕೊಂಡು ಬಂದವನು ಬೆರಳು ತೋರಿಸಿ ಪಟ್ಟಿ ಕಟ್ಟಿಸಿಕೊಂಡು ಹೋಗುತ್ತಿದ್ದ. ‘ಮತ್ತೇನಾದ್ರೂ ಅದನಪ್ಪಾ?’ ಅಂದರೆ ‘ಏನೂ ಆಗಿಲ್ಲ ಸಿಸ್ಟರ್.’ ಬೆರಳಿನ ಎದುರು ನಾನು ಆವರಣದಲ್ಲಿ ಮೊಣಕಾಲು ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಿದ್ದೆ. ಅವ್ವನ ಪಾಠ.

ಪೆಟ್ಟು ಎಂದರೆ ಯಾವುದು ಎಂಬ ತಕರಾರು ಒಮ್ಮೆ ನಮ್ಮ ಕಂಪ್ಲಿಯ ಉಸ್ತಾದರ ಜೊತೆ ಆಯಿತು. ಅವರು ಆಗಲೇ ವಯಸ್ಸಾದವರು. ನನ್ನ ನೋಟ್‌ಬುಕ್ಕು ತಿರುವಿ ನಕ್ಕರು. ‘ಇದೆಲ್ಲ ಪೆಟ್ಟಲ್ಲವ್ವಾ. ನಾಳಿ ಮುಂಜಾನಿ ಮಣ್ಣಿಗೆ ಇಳೀಲಿಕ್ಕೆ ಆಗ್ಲಿಲ್ಲಂದ್ರ ಅದು ಪೆಟ್ಟು. ಉಳದದ್ದು ಕುಸ್ತಿ.’ ಆ ಹೊತ್ತಿಗೆ ಇದು ಗಂಡಸರ ಜಂಬ ಅನ್ನಿಸಿತ್ತು. ಬಹಳ ವರ್ಷಗಳ ಮೇಲೆ, ಫಿಸಿಯೋಥೆರಪಿ ಓದಿದ ಅಣ್ಣನ ಮಗಳು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2020ರಲ್ಲಿ ಹೊರಡಿಸಿದ ಹೇಳಿಕೆಯನ್ನು ಓದಿ ಹೇಳಿದಳು. ಕ್ರೀಡೆಯ ಗಾಯ, ಕಾಯಿಲೆಗಳನ್ನು ಹೇಗೆ ದಾಖಲಿಸಬೇಕು, ಹೇಗೆ ವರದಿ ಮಾಡಬೇಕು ಎಂದು ಜಗತ್ತಿನ ತಜ್ಞರು ಕೂತು ಒಪ್ಪಿಕೊಂಡ ಮಾತುಗಳವು. ಗಾಯವನ್ನು ಎಣಿಸಲು ಬಳಕೆಯಲ್ಲಿರುವ ದಾರಿಗಳು ಮುಖ್ಯವಾಗಿ ಮೂರು: ಆಟಗಾರ ನೋವೆಂದು ಹೇಳಿದ್ದೆಲ್ಲ ಒಂದು, ವೈದ್ಯಕೀಯ ಸಿಬ್ಬಂದಿ ಕೈ ಹಾಕಬೇಕಾಗಿ ಬಂದದ್ದು ಇನ್ನೊಂದು, ಅಭ್ಯಾಸವನ್ನೋ ಸ್ಪರ್ಧೆಯನ್ನೋ ತಪ್ಪಿಸಿದ್ದು ಮತ್ತೊಂದು. ಎಷ್ಟು ದಿನ ತಪ್ಪಿತು ಎಂಬುದೇ ಗಾಯದ ತೂಕ. ಮೂರನೆಯದು ಉಸ್ತಾದರ ಮಾತೇ ಆಗಿತ್ತು. ಅವರು ತೀರಿಕೊಂಡು ಆಗ ಬಹಳ ಕಾಲವಾಗಿತ್ತು. ಇದ್ದಿದ್ದರೆ ಹೋಗಿ ಹೇಳಿ ಬರುತ್ತಿದ್ದೆ.

ಆದರೆ ಅವರ ಲೆಕ್ಕಕ್ಕೆ ತಲೆ ಸಿಗುವುದಿಲ್ಲ. ತಲೆಗೆ ಪೆಟ್ಟು ಬಿದ್ದವನು ಮರುದಿನ ಮಣ್ಣಿಗೆ ಇಳಿದೇ ಇಳಿಯುತ್ತಾನೆ. ಕಣದಲ್ಲಿ ಎತ್ತಿ ಒಗೆದಾಗ ಕತ್ತಿನ ಮೇಲೆ ಬಿದ್ದು ಎದ್ದವನಿಗೆ ‘ಕಣ್ಣಿಗೆ ಕತ್ತಲಿ ಬಂತು’ ಎನ್ನುತ್ತಾರೆ. ತಣ್ಣೀರು ಹೊಡೆಯುತ್ತಾರೆ, ಉಳ್ಳಾಗಡ್ಡಿ ಮೂಸಿಸುತ್ತಾರೆ, ಬೆನ್ನು ತಟ್ಟುತ್ತಾರೆ, ಜನ ಚಪ್ಪಾಳೆ ಹೊಡೆಯುತ್ತಾರೆ, ಅವನು ಮತ್ತೆ ಕೈ ಕೂಡಿಸುತ್ತಾನೆ. ಮಿದುಳು ಅಲುಗಿದವರಲ್ಲಿ ಹೆಚ್ಚಿನವರಿಗೆ ಎಚ್ಚರ ತಪ್ಪಿರುವುದೇ ಇಲ್ಲ. ಊರ ಹೆಸರು ಕೇಳಿದರೆ ತಡವಾಗಿ ಹೇಳುತ್ತಾರೆ, ಬೆಳಕು ನೋಡಲಾರರು, ಎರಡು ದಿನ ವಾಂತಿ ಬಂದಂತೆ ಆಗುತ್ತದೆ ಎನ್ನುತ್ತಾರೆ. ಇದನ್ನೆಲ್ಲ ಯಾರೂ ಪೆಟ್ಟಿನ ಖಾತೆಗೆ ಹಾಕುವುದಿಲ್ಲ. ಬಿಸಿಲಿನ ಖಾತೆಗೆ, ಉಪವಾಸದ ಖಾತೆಗೆ, ಕಣ್ಣೆಸರಿನ ಖಾತೆಗೆ.

ಕಿವಿ ಮಾತ್ರ ಪೂರಾ ತಿರುಗುಮುರುಗು. ಕಿವಿಯ ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ತುಂಬಿ ಊದಿಕೊಂಡಾಗ ಬೇಗನೆ ತೆಗೆಸಿ ಒತ್ತಿ ಕಟ್ಟಿದರೆ ಮೊದಲಿನಂತಾಗುತ್ತದೆ. ಬಿಟ್ಟರೆ ಗಟ್ಟಿಯಾಗಿ ಮುದುಡಿ ಹಾಗೆಯೇ ಉಳಿಯುತ್ತದೆ. ರಕ್ತ ತೆಗೆಸಿಕೊಳ್ಳಲು ಬಾ ಎಂದು ನಾನು ಹುಡುಗರ ಹಿಂದೆ ಬಿದ್ದರೆ ಒಬ್ಬನೂ ಬರಲಿಲ್ಲ. ಮುರಿದ ಕಿವಿ ಇದ್ದರೆ ಪರ ಊರಿನಲ್ಲಿ ಕೇಳದೆಯೇ ಜೋಡಿ ಹಚ್ಚುತ್ತಾರಂತೆ, ಕಿವಿ ಸಾಫಾಗಿದ್ದವನಿಗೆ ಇನಾಮೂ ಕಮ್ಮಿಯಂತೆ. ಮೈಮೇಲಿನ ಗಾಯಗಳಲ್ಲಿ ಕಿವಿಯೊಂದೇ ದುಡಿದು ಹಾಕುವಂಥದ್ದು. ಆದ್ದರಿಂದ ಅದೊಂದನ್ನು ಎಲ್ಲರೂ ತೋರಿಸುತ್ತಿದ್ದರು, ಉಳಿದದ್ದನ್ನು ಎಲ್ಲರೂ ಮುಚ್ಚುತ್ತಿದ್ದರು. ಗಾಯವನ್ನು ಹೇಳುವುದೋ ಬಿಡುವುದೋ ಎಂಬುದು ಗಾಯದ ಮೇಲೆ ನಿಂತಿಲ್ಲ, ಹೇಳಿದ ಮೇಲೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂಬುದರ ಮೇಲೆ ನಿಂತಿದೆ ಎಂದು ನನಗೆ ಹೊಳೆದದ್ದು ಈ ಕಿವಿಗಳಿಂದಲೇ.

ಆಸ್ಪತ್ರೆಯ ಒಳಗೆ ಇದರ ಇನ್ನೊಂದು ಮುಖ. ಕುಸ್ತಿಯ ಮರುದಿನ ರಾತ್ರಿ ಪಾಳಿಯಲ್ಲಿ ಭುಜದ ಕೀಲು ತಪ್ಪಿದವನು ಬರುತ್ತಾನೆ. ಹೇಗಾಯಿತು ಎಂದರೆ, ಬಚ್ಚಲಲ್ಲಿ ಜಾರಿ ಬಿದ್ದೆ. ಪಕ್ಕೆಲುಬು ಮುರಿದವನು, ಎತ್ತು ಒದೀತು. ಇನ್ನೊಬ್ಬನ ಕೈಯಿಂದ ಆದ ಗಾಯ ಎಂದು ಬಾಯಿ ಬಿಟ್ಟರೆ ಎಂಎಲ್‌ಸಿ, ಅಂದರೆ ಮೆಡಿಕೊ ಲೀಗಲ್ ಕೇಸಿನ ಪುಸ್ತಕಕ್ಕೆ ಹೋಗುತ್ತದೆ, ಪೊಲೀಸರಿಗೆ ಚೀಟಿ ಹೋಗುತ್ತದೆ, ಜಾತ್ರೆ ಮಾಡಿದ ಊರ ಹಿರಿಯರನ್ನು ಠಾಣೆಗೆ ಕರೆಯುತ್ತಾರೆ ಎಂಬ ಭಯ. ಜೊತೆಗೆ ಬಂದ ನಾಲ್ವರೂ ಒಂದೇ ಸುಳ್ಳನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದರು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವರಂತೆ. ಕಿವಿಯ ಹಿಂದೆ ಕೆಮ್ಮಣ್ಣು ಇನ್ನೂ ಅಂಟಿಕೊಂಡಿರುತ್ತಿತ್ತು. ರಿಜಿಸ್ಟರಿನಲ್ಲಿ ನಾವು ಬರೆಯುವುದು ಅವರು ಹೇಳಿದ್ದನ್ನೇ. ಆ ಸೀಮೆಯ ಹಳೇ ರಿಜಿಸ್ಟರುಗಳನ್ನು ಯಾರಾದರೂ ತೆಗೆದು ನೋಡಿದರೆ, ಜಾತ್ರೆಯ ತಿಂಗಳಲ್ಲಿ ನಮ್ಮ ಜನ ಬಚ್ಚಲಲ್ಲಿ ಯಾಕೆ ಇಷ್ಟೊಂದು ಜಾರುತ್ತಾರೆ ಎಂದು ತಲೆ ಕೆಡಿಸಿಕೊಳ್ಳಬೇಕು.

ಹಂಪಿಯಲ್ಲಿ ಡ್ಯೂಟಿ ಮುಗಿದ ಒಂದು ಮಧ್ಯಾಹ್ನ ಮಹಾನವಮಿ ದಿಬ್ಬದ ಕಡೆ ಹೋಗಿದ್ದೆ. ಗೋಡೆಯ ಸಾಲುಗಳಲ್ಲಿ ಆನೆ, ಕುದುರೆ, ಬೇಟೆ, ಕುಣಿತದ ನಡುವೆ ಜಟ್ಟಿಗಳಿದ್ದಾರೆ, ಕೈಗೆ ಕೈ ಬೆಸೆದು ನಿಂತವರು. ಸಂಗಡ ಇದ್ದ ಮೇಷ್ಟರು ಪೋರ್ಚುಗೀಸರ ಕಥೆ ಹೇಳಿದರು. ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ಬಂದವನು. ಫರ್ನಾವ್ ನೂನಿಜ್ ಅಚ್ಯುತರಾಯನ ಕಾಲದವನು. ಇಬ್ಬರ ಬರಹವನ್ನೂ ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ. ಆಮೇಲೆ ಆ ಪುಸ್ತಕ ತರಿಸಿ ಕುಸ್ತಿಯ ಪುಟಗಳನ್ನು ಓದಿದೆ, ನರ್ಸಿನ ಕಣ್ಣಿನಿಂದಲೇ ಓದಿದೆ ಎನ್ನಬೇಕು.

ಮಹಾನವಮಿಯ ಹಬ್ಬದಲ್ಲಿ ನಡೆಯುತ್ತಿದ್ದ ಕಾಳಗ ತಮ್ಮ ನಾಡಿನ ಕುಸ್ತಿಯಂತಲ್ಲ ಎನ್ನುತ್ತಾನೆ ಪಾಯೆಸ್. ಹಲ್ಲು ಮುರಿದವು, ಕಣ್ಣು ಹೋದವು, ಮುಖ ವಿಕಾರವಾದವು, ಅಲ್ಲಲ್ಲಿ ಮಾತೇ ನಿಂತುಹೋದವರನ್ನು ಗೆಳೆಯರು ಹೊತ್ತುಕೊಂಡು ಹೋದರು ಎಂದು ಸಾಲಾಗಿ ಹೇಳುತ್ತಾನೆ. ಇಬ್ಬರನ್ನೂ ಸಮಕ್ಕೆ ನಿಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರಂತೆ. ನನ್ನ ಬೆರಳು ನಿಂತದ್ದು ಮಾತು ನಿಂತವರ ಮೇಲೆ. ಹಲ್ಲು, ಕಣ್ಣು, ಮುಖ ಎಲ್ಲರಿಗೂ ಕಾಣುವ ಗಾಯ. ಮಾತು ನಿಲ್ಲುವುದು ತಲೆಯ ಗಾಯ, ಅದನ್ನು ಗಮನಿಸಿ ಬರೆಯಬೇಕೆಂದರೆ ಹತ್ತಿರ ನಿಂತು ನೋಡಿರಬೇಕು. ಕುದುರೆ ವ್ಯಾಪಾರಿಗಳ ಜೊತೆ ಬಂದ ಪರದೇಶಿಯೊಬ್ಬ ಐನೂರು ವರ್ಷದ ಹಿಂದೆ ನಮ್ಮ ಕಮಿಟಿಯವರಿಗಿಂತ ಒಳ್ಳೆ ವರದಿ ಬರೆದಿದ್ದ.

ನೂನಿಜ್ ಹೇಳುವುದು ಇನ್ನೂ ವಿಚಿತ್ರ. ಹಬ್ಬಕ್ಕೆಂದೇ ಅರಸನ ಹತ್ತಿರ ಸಾವಿರ ಜಟ್ಟಿಗಳಿದ್ದರು, ಅವರಿಗೆ ಬೇರೆ ಚಾಕರಿ ಇರಲಿಲ್ಲ. ಮುಳ್ಳುಗಳಿದ್ದ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರು. ಯಾರಿಗೆ ಹೆಚ್ಚು ಗಾಯವಾಯಿತೋ ಅವನು ಹೋಗಿ ಅರಸನಿಂದ ರೇಷ್ಮೆ ಬಟ್ಟೆ ಇಸಿದುಕೊಳ್ಳುತ್ತಿದ್ದ. ಗೆದ್ದವನ ಕಥೆ ಅಲ್ಲಿ ಬರುವುದೇ ಇಲ್ಲ. ಹೆಚ್ಚು ಗಾಯ ಯಾರದು ಎಂದು ತೀರ್ಮಾನಿಸಬೇಕಾದರೆ ಇಬ್ಬರ ಮೈಯನ್ನೂ ನೋಡಿ ತೂಗುವವನೊಬ್ಬ ಇದ್ದಿರಲೇಬೇಕು. ಅರಮನೆಯ ಆ ಕಣದಲ್ಲಿ ‘ಏನೂ ಆಗಿಲ್ಲ’ ಎಂದವನಿಗೆ ಬಟ್ಟೆ ಹೋಯಿತು. ಅಲ್ಲಿ ಗಾಯ ಮುಚ್ಚಿಟ್ಟವನು ಒಬ್ಬನೂ ಇರಲಿಕ್ಕಿಲ್ಲ. ಇಲ್ಲದ ಗಾಯ ಹೇಳಿದವರು ಬೇಕಾದರೆ ಇದ್ದಾರು. ಮುಳ್ಳುಬಳೆಯ ಆ ಕಾಳಗವೇ, ವಜ್ರಮುಷ್ಟಿ ಎನ್ನುವುದು, ಮುಂದೆ ಮೈಸೂರಿನ ದಸರೆಗೆ ಹೋಯಿತು. ವಿಜಯದಶಮಿಯ ಬೆಳಿಗ್ಗೆ ಅರಮನೆಯಲ್ಲಿ ಜಟ್ಟಿಗಳು ಈಗಲೂ ಇಳಿಯುತ್ತಾರೆ, ತಲೆಯಿಂದ ಮೊದಲ ರಕ್ತ ಕಂಡ ಕ್ಷಣ ಕಾಳಗ ಮುಗಿಯುತ್ತದೆ. ಅಷ್ಟು ಸ್ಪಷ್ಟವಾದ ನಿಲುಗಡೆ ನಮ್ಮ ಜಾತ್ರೆಯ ಕಣಗಳಲ್ಲಿ ನಾನು ಕಂಡದ್ದಿಲ್ಲ.

ಸಂಡೂರಿನ ವರ್ಷಗಳ ಪುಟಗಳು ಬೇರೆ ಥರ. ಅದಿರಿನ ಧೂಳು ಎಲೆಯ ಮೇಲೆ, ಬಟ್ಟೆಯ ಮೇಲೆ, ಅನ್ನದ ಮೇಲೆ ಕೂಡುತ್ತಿದ್ದ ಕಾಲ. ಅಲ್ಲಿ ಕುಸ್ತಿ ಆಡುತ್ತಿದ್ದ ಹುಡುಗರಲ್ಲಿ ಹಲವರು ಹಗಲು ಲೋಡಿಂಗಿನ ಕೆಲಸದವರು. ಸೊಂಟ ಹಿಡಿದುಕೊಂಡು ಬಂದವನಿಗೆ ಅದು ಗಣಿಯ ನೋವೋ ಗರಡಿಯ ನೋವೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದೇ ಏಟಿಗೆ ಆದ ಗಾಯಕ್ಕೆ ದಿನ, ಗಳಿಗೆ ಇರುತ್ತದೆ. ದಿನಾ ಸವೆದು ಆದದ್ದಕ್ಕೆ ತಾರೀಖು ಹಾಕುವುದು ಹೇಗೆ? ಒಲಿಂಪಿಕ್ ಸಮಿತಿಯವರ ಹೇಳಿಕೆಯಲ್ಲೂ ಇದಕ್ಕೆ ಬೇರೆಯೇ ಜಾಗ ಕೊಟ್ಟಿದ್ದಾರೆ, ಥಟ್ಟನೆ ಆದದ್ದು ಒಂದು, ಮೆಲ್ಲಗೆ ಬೆಳೆದದ್ದು ಇನ್ನೊಂದು ಎಂದು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಲೋಡಿಂಗು ನಿಂತಿತು. ಹುಡುಗರ ಸೊಂಟಕ್ಕೆ ಪುರಸೊತ್ತು ಸಿಕ್ಕಿತು ಎಂದು ನಾನು ಲೆಕ್ಕ ಹಾಕಿದೆ, ಆದರೆ ಕೈಯಲ್ಲಿ ಕಾಸಿಲ್ಲದವನು ಇನಾಮಿಗಾಗಿ ಸಿಕ್ಕ ಜಾತ್ರೆಗೆಲ್ಲ ಹೋಗುತ್ತಾನೆ. ಊದಿದ ಕೀಲು ಇಳಿಯುವ ಮೊದಲೇ ಮುಂದಿನ ಊರು.

ಅಣ್ಣನ ಮಗಳು ನನ್ನ ನೋಟ್‌ಬುಕ್ಕುಗಳನ್ನು ಹರಡಿಕೊಂಡು ಕೂತದ್ದು ನಾನು ನಿವೃತ್ತಳಾದ ಮೇಲೆ. ‘ಅತ್ತೆ, ಅಂಶ ಇದೆ, ಛೇದ ಎಲ್ಲಿ?’ ಎಂದಳು. ಒಂದು ಊರಿನಲ್ಲಿ ಎಂಟು ಜನಕ್ಕೆ ಪೆಟ್ಟು, ಇನ್ನೊಂದು ಊರಿನಲ್ಲೂ ಎಂಟು. ಮೊದಲನೆಯ ಊರಿನಲ್ಲಿ ಇಪ್ಪತ್ತು ಜೋಡಿ, ಎರಡನೆಯದರಲ್ಲಿ ಇನ್ನೂರು ಜೋಡಿ ಆಡಿದ್ದರೆ ಎರಡೂ ಒಂದೇ ಆಗುತ್ತದೆಯೇ? ಸಾವಿರ ಕುಸ್ತಿಗೆ ಎಷ್ಟು ಎಂದು ಹೇಳಬೇಕು, ಆಗಲೇ ಹೋಲಿಸಲು ಬರುತ್ತದೆ. ಅದರಲ್ಲೂ ನಮ್ಮ ಜಂಗಿ ಕುಸ್ತಿ ಅರ್ಧ ಗಂಟೆ ಎಳೆದದ್ದೂ ಉಂಟು, ಅರ್ಧ ನಿಮಿಷಕ್ಕೆ ಚಿತ್ತಾದದ್ದೂ ಉಂಟು. ಮ್ಯಾಟಿನ ಕುಸ್ತಿಗಾದರೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಅರ್ಧ ನಿಮಿಷದ ಬಿಡುವು. ಮಣ್ಣಿನ ಮೇಲೆ ಕಳೆದ ಹೊತ್ತನ್ನೂ ಹಿಡಿಯಬೇಕು. ಆಗ ನಮ್ಮ ಕೈಹಿಡಿದದ್ದು ಕಮಿಟಿಯವರ ಪುಸ್ತಕ. ಜೋಡಿಯ ನಂಬರುಗಳು ಅದರಲ್ಲಿದ್ದವಲ್ಲ! ಕೆಲವು ಊರುಗಳವರು ಹಳೇ ಪುಸ್ತಕಗಳನ್ನು ಟ್ರಂಕಿನಿಂದ ತೆಗೆದುಕೊಟ್ಟರು. ಇನಾಮಿನ ಲೆಕ್ಕ ಕೇಳಲು ಬಂದಿದ್ದೇವೆಂದು ಮೊದಲು ಗುಮಾನಿಪಟ್ಟವರೂ ಇದ್ದರು.

ಲೋಕದ ಅಂಕಿಗಳನ್ನು ಅವಳು ಪಕ್ಕಕ್ಕಿಟ್ಟು ತೋರಿಸಿದಳು. ಎಲ್ಲ ಆಟಗಳನ್ನೂ ಸೇರಿಸಿ ಗಾಯಗಳನ್ನು ಎಣಿಸುವ ಕ್ರಮ 2008ರ ಬೀಜಿಂಗ್ ಒಲಿಂಪಿಕ್ಸಿನಿಂದ ಶುರುವಾದದ್ದು. ಅಲ್ಲಿ ಸುಮಾರು ನೂರಕ್ಕೆ ಹತ್ತು ಆಟಗಾರರಿಗೆ ಪೆಟ್ಟಾಗಿತ್ತು. ಕಾದಾಟದ ಆಟಗಳು ಬೇರೆಯೇ ಎತ್ತರದಲ್ಲಿವೆ. 2012ರ ಲಂಡನ್ನಿನಲ್ಲಿ ಟೇಕ್ವಾಂಡೋದವರಲ್ಲಿ ನೂರಕ್ಕೆ 39, ನಾಲ್ಕು ವರ್ಷದ ಮೇಲೆ ರಿಯೋದಲ್ಲಿ ಅದು 24. ಬಾಕ್ಸಿಂಗ್ ರಿಯೋದಲ್ಲಿ 30, ಟೋಕಿಯೋದಲ್ಲಿ 27. ರಿಯೋದಲ್ಲಿ ಗಂಡಸರು ತಲೆಗಾಪು ಇಲ್ಲದೆ ಆಡಿದ್ದರು, 2013ರಲ್ಲಿ ಅದನ್ನು ತೆಗೆದು ಹಾಕಿದ್ದರು. ಈ ಏರಿಳಿತದಲ್ಲಿ ಆಟದ ಪಾಲೆಷ್ಟು, ಎಣಿಸಿದವರ ಪಾಲೆಷ್ಟು ಎಂದು ನಾನು ಕೇಳಿದೆ. ಒಳ್ಳೆ ಪ್ರಶ್ನೆ ಅತ್ತೆ ಎಂದು ನಕ್ಕಳೇ ಹೊರತು ಉತ್ತರ ಹೇಳಲಿಲ್ಲ.

ಅಪ್ಪನಿಂದಲೇ ಶುರುಮಾಡೋಣವೆಂದು ಅವಳು ಅಣ್ಣನ ಮುಂದೆ ಫಾರಂ ಹಿಡಿದು ಕೂತಳು. ಅವನಿಗೆ ಆಗಲೇ ಅರವತ್ತು ದಾಟಿತ್ತು. ಕತ್ತು? ಏನಿಲ್ಲ. ಭುಜ? ಏನಿಲ್ಲ. ಮೊಣಕಾಲು? ಏನಿಲ್ಲವ್ವಾ, ಬರಿ. ಒಳಗಿನ ಕೋಣೆಯಲ್ಲಿ ಮಲಗಿದ್ದ ಅವ್ವ ಅಲ್ಲಿಂದಲೇ ಶುರು ಮಾಡಿದಳು: ದರೋಜಿ ಕಡೆ ಹೋಗಿ ಬಂದ ವರ್ಷ ಬಲಗೈ, ನೀನು ಹುಟ್ಟೋ ಮುಂಚಿನ ಬ್ಯಾಸಿಗ್ಯಾಗ ಕುತ್ತಿಗಿ, ಮದುವಿ ಆದ ವರ್ಷ ಎಡ ಮೊಣಕಾಲು, ಹೊಳಿ ತುಂಬಿ ಬಂದಾಗ ಪಕ್ಕಡಿ. ತಾರೀಖಿಲ್ಲ, ಇಸವಿಯಿಲ್ಲ, ಆದರೆ ಒಂದರ ಹಿಂದೊಂದು ತಪ್ಪದೆ ಬಂದವು. ಅಣ್ಣ ತಲೆ ತಗ್ಗಿಸಿ ಅಡಿಕೆ ಕತ್ತರಿಸುತ್ತಿದ್ದ. ಮಗಳು ಫಾರಮಿನ ಹಿಂಬದಿಗೂ ಬರೆದಳು.

ಈ ಹೊತ್ತಿಗೆ ನಮ್ಮ ಸೀಮೆಯಲ್ಲೇ ಇನ್ನೊಂದು ಲೋಕ ಎದ್ದಿತ್ತು. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಪಕ್ಕ, ಉಕ್ಕಿನ ಕಾರ್ಖಾನೆಯವರ ವಿಜಯನಗರ ಟೌನ್‌ಶಿಪ್ಪಿನಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾಯಿತು. ಬಾಕ್ಸಿಂಗ್, ಕುಸ್ತಿ, ಜೂಡೋ ಎಲ್ಲ ಅಲ್ಲಿವೆ, ಜೊತೆಗೆ ಕ್ರೀಡಾ ವಿಜ್ಞಾನದ ವಿಭಾಗ. 2021ರ ಸೆಪ್ಟೆಂಬರಿನಲ್ಲಿ ಗಂಡಸರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಶಿಪ್ಪೂ ಅಲ್ಲೇ ನಡೆಯಿತು. ಅದೇ ಶರದೃತುವಿನಲ್ಲಿ ಹೊಸಪೇಟೆ ಹೊಸ ಜಿಲ್ಲೆಯ ಕೇಂದ್ರವಾಯಿತು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಪೈಲ್ವಾನರಿಗೆ ಜಿಲ್ಲೆಯ ಗಡಿ ಗೊತ್ತಾಗುವುದಿಲ್ಲ, ರಿಜಿಸ್ಟರಿಗೆ ಗೊತ್ತಾಗುತ್ತದೆ.

ಬಾಕ್ಸಿಂಗಿನವರ ಕ್ರಮ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು. ಪ್ರತಿ ಬಾಕ್ಸರಿಗೂ ಒಂದು ದಾಖಲೆ ಪುಸ್ತಕ. ಕಣಕ್ಕಿಳಿಯುವ ಮೊದಲು ವೈದ್ಯರ ತಪಾಸಣೆ, ಇಳಿದು ಬಂದ ಮೇಲೆ ಇನ್ನೊಮ್ಮೆ. ತಲೆಗೆ ಬಿದ್ದ ಏಟಿನಿಂದ ಆಟ ನಿಂತರೆ ಕನಿಷ್ಠ 30 ದಿನ ಗುದ್ದಾಟವಿಲ್ಲ. ಮೂರು ತಿಂಗಳೊಳಗೆ ಎರಡನೇ ಸಲವಾದರೆ 90 ದಿನ. ವರ್ಷದೊಳಗೆ ಮೂರು ಸಲವಾದರೆ ಒಂದು ವರ್ಷ ಮನೆಯಲ್ಲಿ. ಹುಡುಗ ಏನೂ ಆಗಿಲ್ಲ ಎಂದರೂ ಪುಸ್ತಕ ಒಪ್ಪುವುದಿಲ್ಲ. ನಮ್ಮಲ್ಲಿ ಒಂದೂರಿನಲ್ಲಿ ಕಣ್ಣಿಗೆ ಕತ್ತಲೆ ಬಂದವನು ಮೂರನೇ ದಿನ ಇನ್ನೊಂದೂರಿನಲ್ಲಿ ಲಂಗೋಟಿ ಕಟ್ಟಿದರೆ ಹೇಳುವವರಾರು? ಆ ಊರಿನ ಕಮಿಟಿಗೆ ಈ ಊರಿನ ಪುಸ್ತಕ ಕಾಣುವುದೇ ಇಲ್ಲ. ಅಂಥ ಪುಸ್ತಕವಿದ್ದಲ್ಲಿಯೂ ಮುಚ್ಚುಮರೆ ಪೂರಾ ಹೋಗಿಲ್ಲ ಎಂದು ಅಣ್ಣನ ಮಗಳು ಹೇಳುತ್ತಾಳೆ. ಆಯ್ಕೆಯ ಟ್ರಯಲ್ಸು ಹತ್ತಿರ ಬಂದಂತೆ ಆಟಗಾರರ ನೋವೆಲ್ಲ ಒಮ್ಮೆಲೇ ಮಾಯವಾಗುತ್ತದಂತೆ. ಉಳಿದ ದಿನಗಳಲ್ಲಿ ಹೇಳಿಕೊಂಡರೆ ಊಟ, ವಸತಿ, ಕೋಚು ಎಲ್ಲ ಇದ್ದಂತೆಯೇ ಇರುತ್ತದೆ, ಮೇಲೆ ಚಿಕಿತ್ಸೆ ಸಿಗುತ್ತದೆ. ಹೇಳುತ್ತಾರೆ.

ನಿಯಮಗಳು ಕಾಗದದ ಮೇಲಿವೆ ಎಂದು ಎಲ್ಲೆಡೆ ಪಾಲನೆಯಾಗುತ್ತವೆ ಎಂದೇನಿಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯೊಂದರಲ್ಲಿ ಮುಖಕ್ಕೆ ಏಟು ಬಿದ್ದು ಕುಸಿದ ಮೈಸೂರಿನ ಯುವಕ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ಟಿವಿಯಲ್ಲಿ ಅದನ್ನು ಮತ್ತೆ ಮತ್ತೆ ತೋರಿಸಿದ ವಾರ ನಮ್ಮ ಕಡೆಯ ಇಬ್ಬರು ಕಮಿಟಿಯವರು ಫೋನು ಮಾಡಿದರು. ಕಣದ ಪಕ್ಕ ಕೂತುಕೊಳ್ಳಲು ಬರುತ್ತೀರಾ ಎಂದು. ನಿವೃತ್ತ ನರ್ಸಿಗೂ ಒಂದು ಮಾರ್ಕೆಟ್ಟು.

ನಾನು ಒಂದು ಷರತ್ತು ಹಾಕಿದೆ, ಕಾಲಮ್ಮು ಬೇಕು. ಕಂಪ್ಲಿ ಸುತ್ತಿನ ಒಂದು ಹಳ್ಳಿಯವರು ಒಪ್ಪಿದರು. ಓದಿದ ಹುಡುಗರು ಕಮಿಟಿಯಲ್ಲಿದ್ದರು. ಹೆಸರು ನೋಂದಾಯಿಸುವಾಗಲೇ ‘ಹಿಂದಿನ ಗಾಯ’ ಎಂಬ ಮನೆ ಹಾಕಿ ಚೆಂದದ ಫಾರಂ ಅಚ್ಚು ಹಾಕಿಸಿದರು. ಮೊದಲ ವರ್ಷ ಅಷ್ಟೂ ಫಾರಮಿನಲ್ಲಿ ಆ ಮನೆಯ ಎದುರು ‘ಇಲ್ಲ’. ಒಬ್ಬನಂತೂ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು ‘ಇಲ್ಲ’ ಎಂದು ಬರೆದುಕೊಟ್ಟ. ಎರಡನೇ ವರ್ಷದ ಸಭೆಯಲ್ಲಿ ನಾನು ಕೇಳಿದೆ: ಇದೆ ಎಂದು ಬರೆದವನನ್ನು ನೀವು ಏನು ಮಾಡುತ್ತೀರಿ? ಜೋಡಿ ಹಚ್ಚೂದಿಲ್ಲ. ಬಸ್ಸಿನ ಖರ್ಚು? ಅವನದ. ಹಾಗಾದರೆ ಯಾವ ಮಗ ಬರೆದಾನು?

ಅಂದು ಅಲ್ಲಿ ಕೂತಿದ್ದ ಅಕ್ಕಿ ಮಿಲ್ಲಿನ ಸಾಹುಕಾರರೊಬ್ಬರು, ಪ್ರತಿವರ್ಷ ಕೊನೆಯ ಜೋಡಿಗೆ ಇನಾಮು ಕೊಡುವವರು, ಆ ವರ್ಷ ಗಾಯದಿಂದ ಹಿಂದೆ ಸರಿದವರಿಗೆ, ಕಣದಲ್ಲಿ ಪೆಟ್ಟಾಗಿ ಡಬ್ಬಿಯ ಹತ್ತಿರ ಬಂದವರಿಗೆ ಅರ್ಧ ಇನಾಮು ತಮ್ಮದು ಎಂದರು. ಗದ್ದಲವಾಯಿತು. ಸುಳ್ಳು ಹೇಳಿ ಇಸ್ಕೋತಾರ ಎಂದರು ಒಬ್ಬರು. ಸಿಸ್ಟರ್ ನೋಡಿ ಸಹಿ ಹಾಕಲಿ ಎಂದರು ಸಾಹುಕಾರರು. ಮಣ್ಣಿನ ಮೇಲೆ ಕಾಲಿಡದೆ ನೋಡುವುದು ಹೇಗೆ ಎಂದೆ ನಾನು. ಅಂಚಿನ ತನಕ ಬರ್ರಿ ಎಂದು ಮುಗಿಸಿದರು. ಹುಡುಗಿಯರ ಎರಡು ಜೋಡಿಯೂ ಆ ವರ್ಷ ಕಣಕ್ಕಿಳಿದಿದ್ದವು, ಆದರೂ ನನಗೆ ಅಂಚು.

ಪುಸ್ತಕ ತುಂಬಿತು. ಮೊಣಕಾಲು, ಭುಜ, ಕುತ್ತಿಗೆ, ಹಳೆಯದು, ಹೊಸದು. ‘ಎರಡು ದಿನದಿಂದ ತಲಿ ಗಿಮ್ ಅಂತೈತಿ’ ಎಂದು ತಾನಾಗಿ ಬಂದು ಹೇಳಿದ ಹುಡುಗನನ್ನು ಹೊಸಪೇಟೆಗೆ ಕಳಿಸಿದೆ. ನಾಟಕ ಮಾಡಿದವರೂ ಬಂದರು, ಕುಂಟುವ ಕಾಲು ಮರೆತು ಇನ್ನೊಂದರಲ್ಲಿ ಕುಂಟಿದವನನ್ನು ಜನವೇ ಓಡಿಸಿದರು. ಹುಳಕಡ್ಡಿಯವರನ್ನು ಬೇರೆ ಪಟ್ಟಿ ಮಾಡಿದೆ, ಅದಕ್ಕೆ ಇನಾಮಿಲ್ಲ, ಮುಲಾಮು ಮಾತ್ರ.

ಜಾತ್ರೆ ಮುಗಿದ ಮೇಲೆ ಲೆಕ್ಕಪತ್ರದ ಸಭೆ. ಹಿರಿಯರೊಬ್ಬರು ನನ್ನ ಪಟ್ಟಿಯನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ಇಷ್ಟು ವರ್ಷ ನಮ್ಮೂರ ಕಣದಾಗ ಯಾರಿಗೂ ಪೆಟ್ಟಾಗಿದ್ದಿಲ್ಲ, ಈ ವರ್ಷ ನೋಡ್ರಿ ಎಂದರು. ಮಣ್ಣು ಸರಿ ಹದ ಆಗಿಲ್ಲ ಎಂದು ಒಬ್ಬರು, ಎಣ್ಣೆ ಕಡಿಮೆ ಹಾಕಿದರು ಎಂದು ಇನ್ನೊಬ್ಬರು, ಹೆಣ್ಣುಮಕ್ಕಳನ್ನು ಇಳಿಸಿದ್ದಕ್ಕೆ ಎಂದು ಮೂಲೆಯಿಂದ ಮತ್ತೊಬ್ಬರು. ಸಾಹುಕಾರರು ಮುಂದಿನ ವರ್ಷಕ್ಕೂ ಅರ್ಧ ಇನಾಮಿನ ಮಾತು ಎತ್ತಿದಾಗ ಅದನ್ನು ಯುಗಾದಿಯ ನಂತರದ ಸಭೆಗೆ ಮುಂದೂಡಿದರು. ಫಾರಂ ಮತ್ತೆ ಅಚ್ಚಿಗೆ ಹೋಗುವ ಮೊದಲು ತಾನು ಬಂದು ಒಂದು ಮನೆ ಸೇರಿಸಬೇಕೆಂದು ಅಣ್ಣನ ಮಗಳು ಹಟ ಹಿಡಿದಿದ್ದಾಳೆ: ಪ್ರತಿ ಜೋಡಿ ಎಷ್ಟು ನಿಮಿಷ ಆಡಿತು. ವಾಚು ಹಿಡಿದು ಕೂಡಲು ಇನ್ನೊಬ್ಬರು ಬೇಕು. ಅಣ್ಣನನ್ನು ಕೇಳಿದ್ದೇನೆ, ಅವನು ಇನ್ನೂ ಹ್ಞೂಂ ಅಂದಿಲ್ಲ.